ನೆರಳಿನಲ್ಲಿ ಕೂತ ಸೋಲಾರ್

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಒಂದು ಕಂಪ್ಯೂಟರು, ಒಂದು ಉದ್ದನೆಯ ಮೇಜು, ಬಂದವರು ಕೂರಲು ಮೂರು ಕುರ್ಚಿ, ಅಷ್ಟೇ. ಸಿವಿಲ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಈ ಮನೆಗೆ ಬಂದ ಮೇಲೆ ಮನೆ ಕಟ್ಟಿಸುವವರಿಗೆ ನಕಾಶೆ ಬರೆದುಕೊಡುವ ಕೆಲಸ ಹಿಡಿದೆ. ಮೂವತ್ತು ನಲವತ್ತರ ಪ್ಲಾಟು, ಎರಡು ಬೆಡ್‌ರೂಮು, ಪೂರ್ವಕ್ಕೆ ಬಾಗಿಲು, ಆಗ್ನೇಯಕ್ಕೆ ಅಡುಗೆಮನೆ. ಹುಬ್ಬಳ್ಳಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿ ‘ಇದು ನನ್ನದು, ಅದೂ ನನ್ನದು’ ಎಂದು ಬೆರಳು ಮಡಚುವಷ್ಟು ಮನೆಗಳನ್ನು ಬರೆದಿದ್ದೇನೆ.

ಆ ಮನೆಗಳ ತಾರಸಿಯ ಮೇಲೆಲ್ಲ ತಪ್ಪದೆ ಒಂದು ಚಿಕ್ಕ ಚೌಕ ಇರುತ್ತಿತ್ತು. ಇಷ್ಟು ದೊಡ್ಡ ಮನೆಯಾದರೆ ನೀರು ಕಾಯಿಸುವ ಸೋಲಾರ್ ಇರಲೇಬೇಕು ಎಂಬ ನಿಯಮ ಇದೆಯಲ್ಲ, ಅದಕ್ಕಾಗಿ ನಕಾಶೆಯಲ್ಲಿ ಅದನ್ನು ತೋರಿಸಬೇಕು. ಪ್ರತಿ ಸಲ ಹೊಸದಾಗಿ ಯಾರು ಬರೆಯುತ್ತಾರೆ? ಒಂದು ಚೌಕ, ಅದರ ಪಕ್ಕದಲ್ಲಿ ‘ಸೋಲಾರ್’ ಎಂಬ ಅಕ್ಷರ, ಎರಡನ್ನೂ ಒಟ್ಟಿಗೆ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೆ. ಒಂದು ಕ್ಲಿಕ್ಕಿಗೆ ಬಂದು ಕೂರುತ್ತಿತ್ತು. ಎಲ್ಲಿ ಕೂರಿಸಬೇಕು ಎಂದು ನಾನು ಯೋಚಿಸಿದ್ದು ಒಂದೇ ಲೆಕ್ಕದಲ್ಲಿ: ಅಕ್ಷರ ಬೇರೆ ಗೆರೆಗಳ ಮೇಲೆ ಹಾಯದೆ ಚಂದ ಕಾಣಬೇಕು. ಮೆಟ್ಟಿಲಿನ ಕೋಣೆಯ ಹಿಂದೆ ಸಾಮಾನ್ಯವಾಗಿ ಜಾಗ ಖಾಲಿ ಇರುತ್ತಿತ್ತು. ಅಲ್ಲಿ ಕೂರಿಸುತ್ತಿದ್ದೆ. ಕೆಲವರು ಸೋಲಾರ್ ಹಾಕಿಸುತ್ತಿದ್ದರು, ತಮಗೆ ಬೇಕಾದಲ್ಲಿ. ಕೆಲವರು ಹಾಕಿಸುತ್ತಿರಲಿಲ್ಲ. ಕಾಗದದ ಮೇಲೆ ಬಂದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡು ನಾನು ಮುಂದಿನ ನಕಾಶೆಗೆ ಹೋಗುತ್ತಿದ್ದೆ.

ಹೀಗಿರುವಾಗ ಅಮರಗೋಳದಿಂದ ಒಬ್ಬ ಚಾಚಾ ಬಂದರು. ಅಲ್ಲಿಯ ಮಾರುಕಟ್ಟೆಯ ಹತ್ತಿರ ಅವರದು ಮೋಟಾರು ಕಟ್ಟುವ ಅಂಗಡಿ. ರೈತರ ಬೋರಿನ ಮೋಟಾರು ಸುಟ್ಟರೆ ಒಳಗಿನ ತಂತಿಯನ್ನೆಲ್ಲ ಕಿತ್ತು ಹೊಸ ತಂತಿ ಸುತ್ತುವ ಕೆಲಸ. ಮೂವತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು, ಈಗ ಅಂಗಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಪ್ಲಾಟು ಕೊಂಡಿದ್ದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಬೆರಳ ತುದಿಯಲ್ಲಿ ವಾರ್ನಿಷಿನ ಕಂದು ಕಲೆ.

ಅವರಷ್ಟು ಗಮನ ಕೊಟ್ಟು ನಕಾಶೆ ನೋಡಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಉಳಿದವರು ಅಡುಗೆಮನೆ ಎಲ್ಲಿ, ದೇವರಮನೆ ಎಲ್ಲಿ ಎಂದು ಕೇಳಿ ಸುರುಳಿ ಸುತ್ತಿಕೊಂಡು ಹೋಗುತ್ತಾರೆ. ಚಾಚಾ ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ‘ಇದೇನ್ರಿ? ಇದ್ಯಾಕ್ರಿ?’ ಎಂದು ಕೇಳಿದರು. ಎರಡು ತಾಸು ಹಿಡಿಯಿತು. ನನಗೆ ಬೇಜಾರಾಗಿದ್ದು ಮುಖದಲ್ಲಿ ಕಂಡಿರಬೇಕು.

“ಬಾಯಾರ, ಸಿಟ್ಟಾಗಬ್ಯಾಡ್ರಿ,” ಎಂದರು, ನಮ್ಮ ಕಡೆ ಓದಿದ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ. “ನಮ್ಮ ಧಂಧೆನ ಹಂಗೈತಿ. ಮೋಟಾರದಾಗ ಇಷ್ಟ ಸುತ್ತು ಅಂದ್ರ ಇಷ್ಟ ಸುತ್ತು. ಒಂದ ಸುತ್ತು ಬಿಟ್ರೂ ತಿರಗಿ ಸುಟಗೊಂಡ ಬರತೈತಿ.”

ಕೊನೆಗೆ ಅವರ ಬೆರಳು ತಾರಸಿಯ ಚೌಕಕ್ಕೆ ಬಂತು.

“ಇದು?”

“ಸೋಲಾರ್ ರೀ ಚಾಚಾ. ನಿಯಮ ಐತಿ, ತೋರಸಬೇಕು.”

“ಹೌದಾ,” ಎಂದು ಅವರು ಜೇಬಿನಿಂದ ಪೆನ್ನು ತೆಗೆದು ಅದಕ್ಕೊಂದು ಟಿಕ್ ಹಾಕಿದರು. ನಾನು ‘ತೋರಿಸಬೇಕು’ ಅಂದಿದ್ದು ಅವರಿಗೆ ‘ಮಾಡಬೇಕು’ ಎಂದೇ ಕೇಳಿಸಿತ್ತು. ಅದು ನನಗೆ ತಿಳಿದಿದ್ದು ಬಹಳ ತಡವಾಗಿ.

ಮನೆ ಏಳತೊಡಗಿತು. ಪಾಯದ ದಿನ ಹೋಗಿದ್ದೆ, ಸ್ಲ್ಯಾಬಿನ ದಿನ ಹೋಗಿದ್ದೆ. ಎರಡು ಸಲವೂ ಚಾಚಾ ಒಂದು ಕೈಯಲ್ಲಿ ನನ್ನ ನಕಾಶೆ, ಇನ್ನೊಂದು ಕೈಯಲ್ಲಿ ಟೇಪು ಹಿಡಿದು ನಿಂತಿದ್ದರು. ಕಿಟಕಿ ಎರಡು ಇಂಚು ಅತ್ತ ಸರಿದಿದೆ ಎಂದು ಕಟ್ಟಿದ ಗೋಡೆ ಒಡೆಸಿದರು. ಗೌಂಡಿ ನನ್ನ ಕಡೆ ತಿರುಗಿ, “ಬಾಯಾರ, ಎರಡ ಇಂಚಿಗೆ ಗಾಳಿ ಬರೂದಿಲ್ಲೇನ್ರಿ?” ಎಂದು ಅಳುವ ದನಿಯಲ್ಲಿ ಕೇಳಿದ. ನನಗೋ ಒಳಗೊಳಗೇ ಹೆಮ್ಮೆ. ನಾನು ಬರೆದದ್ದನ್ನು ಬರೆದ ಹಾಗೆಯೇ ಕಟ್ಟುವವರು ಕಡೆಗೂ ಒಬ್ಬರು ಸಿಕ್ಕರಲ್ಲ!

ಏಪ್ರಿಲ್‌ನಲ್ಲಿ ಕೆಲಸ ಮುಗಿದು, ಹೊಸ ಮನೆಯ ಊಟಕ್ಕೆ ಕರೆದರು. ಹೋದೆ. ಚಾಚಿ, ಅಂದರೆ ಚಾಚಾ ಅವರ ಹೆಂಡತಿ, ಕೈಹಿಡಿದು ಪ್ರತಿ ಕೋಣೆಯನ್ನೂ ತೋರಿಸಿದರು. ಬಿಸಿಲು ಸುಡುತ್ತಿತ್ತು, ತಾರಸಿಗೆ ನಾನು ಹತ್ತಲಿಲ್ಲ.

ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಗೇಟಿನ ಸದ್ದಾಯಿತು. ನೋಡಿದರೆ ಸ್ವೆಟರು, ಮಫ್ಲರು, ಕಂಕುಳಲ್ಲಿ ನಕಾಶೆಯ ಸುರುಳಿ. ಚಾಚಾ! ಒಳಗೆ ಬಂದು ಕೂತು, ಸುರುಳಿ ಬಿಚ್ಚಿ, ನಾಲ್ಕು ಮೂಲೆಗೂ ನನ್ನ ಮೇಜಿನ ಮೇಲಿನ ಸಾಮಾನನ್ನೇ ಭಾರವಾಗಿ ಇಟ್ಟರು.

“ಬಾಯಾರ, ನಿಮ್ಮ ಸೋಲಾರ್ ನೀರ ಕಾಯಸವಲ್ದು.”

“ನನ್ನ ಸೋಲಾರ್ರೇನ್ರಿ?”

“ಹ್ಞೂಂ ರೀ. ಬ್ಯಾಸಗಿಯೊಳಗ ಛಲೋ ಕಾಯತಿತ್ತು. ಮಳಿಯೊಳಗ ಬಿಡ್ರಿ, ಸೂರ್ಯಾನ ಇರೂದಿಲ್ಲ. ಈಗ ಇಷ್ಟ ನಿಚ್ಚಳ ಬಿಸಿಲೈತಿ, ನಳಾ ತಿರವಿದ್ರ ಬಾವಿ ನೀರಿನಗತೆ ಥಂಡಿ. ಪೈಪ್ ಬಿಚ್ಚಿ ನೋಡಿದೆ, ವಾಲ್ವ್ ನೋಡಿದೆ, ಎಲ್ಲಾ ಬರೋಬ್ಬರಿ ಅದಾವ. ಮಾರಿದ ಅಂಗಡ್ಯಾಂವ ಬಂದು ನೋಡಿ, ನೆರಳಾಗ ಇಟ್ಟೀರಿ ಅಂತ ನಕ್ಕಾ. ನಾ ಅಂದೆ, ನಮ್ಮ ಬಾಯಾರು ಓದಿದವರು, ಅವರು ಅಲ್ಲೆ ಹಾಕ್ಯಾರಂದ್ರ ಏನರೆ ಲೆಕ್ಕ ಇರಬೇಕು. ಆ ಲೆಕ್ಕ ನನಗ ತಿಳಿವಲ್ದು. ಅದನ್ನ ಕೇಳಾಕ ಬಂದೇನಿ.”

ನಕಾಶೆಯ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಇತ್ತು, ನಾನೇ ಹಾಕಿದ್ದು. ಮೆಟ್ಟಿಲಿನ ಕೋಣೆ, ಅದರ ತಲೆಯ ಮೇಲೆ ನೀರಿನ ಟ್ಯಾಂಕು, ಅವೆರಡರ ಉತ್ತರಕ್ಕೆ ಗೋಡೆಗೆ ಅಂಟಿದಂತೆ ನನ್ನ ಚೌಕ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಆ ಜಾಗಕ್ಕೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲೇ ಬೀಳುವುದಿಲ್ಲ. ಇದನ್ನು ಹೇಳಲು ಡಿಪ್ಲೊಮಾ ಬೇಕಿಲ್ಲ. ಬಿಸಿನೀರು ಬೇಕಾಗುವ ಮೂರು ತಿಂಗಳಲ್ಲಿ ಮಾತ್ರ ಕೆಲಸ ಮಾಡದಂಥ ಜಾಗವನ್ನು ಹುಡುಕಿ ಹುಡುಕಿ ಆರಿಸಿದ ಹಾಗಿತ್ತು.

ಏನಾದರೂ ಒಂದು ಸಬೂಬು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಎದುರಿಗಿದ್ದ ಆ ಮುಖದಲ್ಲಿ ಸಿಟ್ಟೇ ಇರಲಿಲ್ಲ, ಕಲಿಯಲು ಬಂದವರ ಕುತೂಹಲವಿತ್ತು.

“ಚಾಚಾ, ಲೆಕ್ಕ ಏನೂ ಇಲ್ರಿ,” ಎಂದೆ. “ಅಲ್ಲೆ ಅಕ್ಷರ ಬರಿಯಾಕ ಜಾಗಾ ಇತ್ತು. ಅದಕ್ಕ ಅಲ್ಲೆ ಹಾಕಿದೆ.”

ಅವರು ಆ ಚೌಕದ ಮೇಲೆ ಬೆರಳಿಟ್ಟರು. “ಅಂದ್ರ... ಸುಮ್ನ ಬರದಿದ್ರೇನ್ರಿ?”

“ಹೌದ್ರಿ.”

ಅವರು ನಕಾಶೆಯ ಮೇಲೆ ಬಗ್ಗಿದರು. ಕಾಲಮ್ಮು, ಬೀಮು, ಗೋಡೆ ಒಂದೊಂದರ ಮೇಲೂ ಕಣ್ಣಾಡಿಸಿ, ಮೆಲ್ಲಗೆ ಕೇಳಿದರು: “ಮತ್ತ ಉಳದ ಗೆರಿ?”

“ಇಲ್ರಿ ಚಾಚಾ, ಉಳದದ್ದೆಲ್ಲಾ ಲೆಕ್ಕಾ ಮಾಡೇ ಹಾಕೇನ್ರಿ! ಮನಿ ಗಟ್ಟಿ ಐತ್ರಿ, ಖರೇ ಹೇಳತೇನಿ!” ಎಂದು ಕುರ್ಚಿಯಿಂದ ಎದ್ದೇಬಿಟ್ಟೆ.

ಒಳಗಿನಿಂದ ನಮ್ಮ ಅತ್ತೆ ಚಹಾ ತಂದರು. ಆಫೀಸಿನಲ್ಲಿ ಆಡುವ ಮಾತೆಲ್ಲ ಅವರಿಗೆ ಅಡುಗೆಮನೆಯಲ್ಲಿ ಕೇಳಿಸುತ್ತದೆ. ಕಪ್ಪನ್ನು ಚಾಚಾ ಮುಂದೆ ಇಟ್ಟು, “ಊರ ಮಂದಿಗೆಲ್ಲಾ ಸೋಲಾರ್ ಬರದ ಕೊಡತಾಳ್ರಿ. ನಮ್ಮನ್ಯಾಗ ಎಲ್ಲೈತಿ ಅಂತ ಕೇಳ್ರಿ ಇಕಿಗೆ,” ಎಂದರು.

ನಮ್ಮ ಮನೆಯಲ್ಲಿ ಇರಲಿಲ್ಲ. ಹಳೆಯ ಹಂಚಿನ ಮನೆ, ಮೇಲೆ ಮಾವಿನ ಮರದ ಟೊಂಗೆ ಕವಿದಿದೆ, ನಮ್ಮದು ಗ್ಯಾಸ್ ಗೀಸರು. ಚಾಚಾ ಒಮ್ಮೆ ನನ್ನ ಮುಖ, ಒಮ್ಮೆ ಅತ್ತೆಯ ಮುಖ ನೋಡಿ ನಗತೊಡಗಿದರು. ಮಫ್ಲರು ಬಿಚ್ಚುವಷ್ಟು ನಕ್ಕರು. ನನಗೆ ಆಗಲೇ ಉಸಿರು ಬಂದದ್ದು.

ಮುಂದಿನ ಶುಕ್ರವಾರ ಅವರ ಅಂಗಡಿಗೆ ರಜೆ. ಬೆಳಿಗ್ಗೆ ಎಂಟಕ್ಕೇ ನಾನು ಅಮರಗೋಳದಲ್ಲಿದ್ದೆ, ಜೊತೆಗೆ ಒಂದು ಡಬ್ಬಿ ಸೀಮೆಸುಣ್ಣ. ನಾನು ಬರೆದ ಮನೆಯ ತಾರಸಿಯನ್ನು ಮೊದಲ ಸಲ ಹತ್ತಿದೆ. ಸೋಲಾರು ಗೋಡೆಯ ಮಗ್ಗುಲಲ್ಲಿ, ಅಳತೆಗೆ ಒಂದು ಇಂಚೂ ತಪ್ಪದಂತೆ, ತಣ್ಣಗೆ ಕೂತಿತ್ತು. ಅದರ ಗಾಜಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ.

ಚಾಚಾ ಮತ್ತು ನಾನು ತಾಸಿಗೊಮ್ಮೆ ನೆರಳಿನ ಅಂಚಿಗೆ ಗೆರೆ ಎಳೆದೆವು. ಒಂಬತ್ತರ ಗೆರೆ, ಹತ್ತರ ಗೆರೆ, ಹನ್ನೊಂದರ ಗೆರೆ. ಪ್ರತಿ ಗೆರೆಯ ಪಕ್ಕದಲ್ಲಿ ವೇಳೆ ಬರೆದೆವು. ಪಕ್ಕದ ಮನೆಯವರು ತಮ್ಮ ತಾರಸಿಯಿಂದ ಇಣುಕಿ, “ಏನ್ರಿ ಚಾಚಾ, ರಂಗೋಲಿ ಹಾಕಾಕತ್ತೀರೇನ್ರಿ?” ಎಂದರು. “ಸೂರ್ಯಾನ ಹಾಜರಿ ತಗೊಳ್ಳಾಕತ್ತೇವ್ರಿ,” ಎಂದರು ಚಾಚಾ. ಮಧ್ಯಾಹ್ನ ಅವರು ನಮಾಜಿಗೆ ಹೋಗಿಬರುವವರೆಗೆ ಎರಡು ಗೆರೆ ನಾನೊಬ್ಬಳೇ ಎಳೆದೆ. ಬಂದವರು ಚಪ್ಪಲಿ ಬಿಡುವ ಮುಂಚೆಯೇ ಬಗ್ಗಿ ಎರಡನ್ನೂ ಪರೀಕ್ಷೆ ಮಾಡಿದರು. ನನ್ನ ಗೆರೆಯನ್ನು ಅವರು ಇನ್ನು ಮುಂದೆ ಸುಮ್ಮನೆ ನಂಬುವುದಿಲ್ಲ ಎಂಬುದು ನನಗೆ ಅರ್ಥವಾಯಿತು. ನ್ಯಾಯವೇ.

ಊಟಕ್ಕೆ ಚಾಚಿ ಬಿಸಿರೊಟ್ಟಿ, ಎಣ್ಣೆಗಾಯಿ ಮಾಡಿದ್ದರು. ನಾವು ಕೆಳಗೆ ಕೂತು ಉಣ್ಣುವಾಗಲೂ ಗಡಿಯಾರ ನೋಡಿಕೊಂಡು ಮೇಲೆ ಓಡುತ್ತಿದ್ದೆವು. ನಾಲ್ಕು ಗಂಟೆಗೆ ಲೆಕ್ಕ ಮುಗಿಯಿತು. ತಾರಸಿಯ ಮುಂಭಾಗದಲ್ಲಿ, ದಕ್ಷಿಣದ ಪ್ಯಾರಾಪೆಟ್ಟಿನಿಂದ ಐದಾರು ಅಡಿ ಒಳಗೆ, ಇಡೀ ದಿನ ನೆರಳು ಮುಟ್ಟದ ಒಂದು ಪಟ್ಟೆ ಸಿಕ್ಕಿತು. ಅದಕ್ಕೆ ಸುತ್ತಲೂ ದಪ್ಪ ಗೆರೆ ಎಳೆಯಬೇಕು ಎಂದು ನೋಡಿದರೆ, ಎಳೆಯಲು ಆಗಲಿಲ್ಲ. ಅಲ್ಲಿ ಹಗ್ಗದ ಮೇಲೆ ಹೊದೆಯುವ ದಪ್ಪ ಕೌದಿಯೊಂದನ್ನು ಒಣಗಲು ಹಾಕಿದ್ದು ನೆಲದವರೆಗೂ ಜೋತಿತ್ತು.

“ಕೌದಿ ಸ್ವಲ್ಪ ಸರಸು,” ಎಂದು ಚಾಚಾ ಹೆಂಡತಿಗೆ ಕೂಗಿ ಹೇಳಿದರು.

ಚಾಚಿ ಮೇಲೆ ಬಂದು, ನೆಲದ ಗೆರೆಗಳನ್ನು ನೋಡಿ, ನಮ್ಮಿಬ್ಬರನ್ನೂ ನೋಡಿದರು. “ಬೆಳಗಿಂದ ಇದನ್ನ ಹುಡಕಾಕತ್ತಿದ್ರೇನು? ಒಗದ ಕೌದಿ ಒಣಗಬೇಕಂದ್ರ ದಿನಾ ಪೂರ್ತಿ ಬಿಸಿಲ ಬೇಕು. ಎಲ್ಲಿ ಬೀಳತೈತಂತ ನೋಡೇ ನಾ ಇಲ್ಲೆ ಹಗ್ಗಾ ಕಟ್ಟಸಿದ್ದು. ಮನಿಗೆ ಬಂದ ವಾರದಾಗ ನನಗ ಗೊತ್ತಾಗೈತಿ.”

“ಮತ್ತ ಹೇಳಬೇಕಿಲ್ಲೇನ?” ಎಂದರು ಚಾಚಾ.

“ನೀವು ಕೇಳಿದ್ರೇನು? ನಕಾಶಿಯೊಳಗ ಐತಿ, ನಕಾಶಿಯೊಳಗ ಐತಿ ಅಂತ ಕುಣದ್ರಿ. ನಕಾಶಿಯೊಳಗ ನಾ ಎಲ್ಲಿದ್ದೆ?”

ನಾನು ಸೀಮೆಸುಣ್ಣದ ಕೈ ಒರೆಸಿಕೊಳ್ಳುವ ನೆಪದಲ್ಲಿ ಬೇರೆ ಕಡೆ ನೋಡಿದೆ. ಆಮೇಲೆ ಚಾಚಿಯೇ ದಾರಿ ತೋರಿಸಿದರು. ಸೋಲಾರು ಮುಂದೆ ಕೂರಲಿ, ಹಗ್ಗವನ್ನು ಅದರ ಪಶ್ಚಿಮಕ್ಕೆ, ನೆರಳು ಬೀಳದಷ್ಟು ದೂರದಲ್ಲಿ ಕಟ್ಟಿದರೆ ಕೌದಿಗೂ ತ್ರಾಸಿಲ್ಲ, ನೀರಿಗೂ ತ್ರಾಸಿಲ್ಲ. ಮುಂದಿನ ವಾರ ಪ್ಲಂಬರ್ ಬಂದು ಅದನ್ನು ಎಬ್ಬಿಸಿ ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದ. ಮೂರನೆಯ ದಿನ ಬೆಳಿಗ್ಗೆ ಚಾಚಿಯ ಫೋನು: “ಬೇಟಾ, ಇವ್ರು ಜಳಕಾ ಮಾಡಾಕ ಹೋಗಿ ಅರ್ಧಾ ತಾಸಾತು, ಬಚ್ಚಲದಿಂದ ಹೊರಗ ಬರವಲ್ರು.”

ಆ ಖುಷಿ ಆರುವ ಮುಂಚೆ ಅವರ ಬಡಾವಣೆಯಲ್ಲಿ ಹೊಸ ಸುದ್ದಿ ಹಬ್ಬಿತು. ಇನ್ನು ಮುಂದೆ ಹೊಸ ಕಟ್ಟಡಗಳಿಗೆಲ್ಲ ಕರೆಂಟು ಮಾಡುವ ಸೋಲಾರ್ ಫಲಕವನ್ನೂ ಕಡ್ಡಾಯ ಮಾಡುತ್ತಾರಂತೆ. ಮಾಡುತ್ತಾರೋ ಇಲ್ಲವೋ ಯಾರಿಗೂ ಖಚಿತವಿಲ್ಲ, ಆದರೆ ಜಗಳವಾಡಲು ಅಷ್ಟು ಸಾಕಲ್ಲ. ಬಡಾವಣೆಯವರು ಒಂದು ಭಾನುವಾರ ಸಮುದಾಯ ಭವನದಲ್ಲಿ ಸಭೆ ಕರೆದರು. “ನೀವೂ ಬರ್ರಿ ಬಾಯಾರ. ತಪ್ಪ ಮಾಡಿದವರು ಮಾತಾಡಿದ್ರ ಮಂದಿ ಕೇಳತಾರ,” ಎಂದು ಚಾಚಾ ನನ್ನನ್ನೂ ಎಳೆದರು.

ಮೊದಲು ಎದ್ದವರು ಒಬ್ಬ ಕಾಳಿನ ವ್ಯಾಪಾರಿ, ಬಡಾವಣೆಯವರೆಲ್ಲ ಸಾವಕಾರರು ಎಂದು ಕರೆಯುವವರು. ಹಣೆಯಲ್ಲಿ ವಿಭೂತಿ, ದೊಡ್ಡ ದನಿ. “ಪ್ಲಾಟ್ ನಮ್ದು, ಮನಿ ನಮ್ದು, ಮಾಳಗಿ ನಮ್ದು. ಅದರ ಮ್ಯಾಲ ಏನ ಇಡಬೇಕಂತ ಸರಕಾರ ಹೇಳೂದಂದ್ರ ಹೆಂಗ್ರಿ? ಹೆಲ್ಮೆಟ್ ಕಡ್ಡಾಯ ಮಾಡಿದ್ರು. ಮಂದಿ ತಲಿಗೆ ಹಾಕ್ಕೊಂಡ್ರೇನು? ಹ್ಯಾಂಡಲ್ಲಿಗೆ ನೇತ ಹಾಕ್ಕೊಂಡ ಹೊಂಟಾರ. ಇದೂ ಹಂಗ ಆಗತೈತಿ.”

ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ: ಇಷ್ಟು ವರ್ಷ ಪ್ರತಿ ಮನೆಗೂ ಒಂದು ಚೌಕ ಅಂಟಿಸಿದ್ದು, ಅಕ್ಷರಕ್ಕಾಗಿ ಜಾಗ ಆರಿಸಿದ್ದು, ಡಿಸೆಂಬರ್‌ನಲ್ಲಿ ಚಾಚಾ ಬಂದದ್ದು. ಜನ ನಕ್ಕರು. ಸಾವಕಾರರು ಎಲ್ಲರಿಗಿಂತ ಜೋರಾಗಿ ನಕ್ಕು, “ನಾ ಹೇಳಿದ್ದೂ ಅದನ್ನ!” ಎಂದರು.

“ಇಲ್ರಿ ಸಾವಕಾರ್ರ,” ಎಂದೆ. “ನಿಯಮ ಇಲ್ಲದಿದ್ರ ನಾ ಆ ಚೌಕಾನೂ ಬರೀತಿದ್ದಿಲ್ಲ, ಚಾಚಾ ಹಾಕಸ್ತಿದ್ದಿಲ್ಲ. ಕಡ್ಡಾಯ ಬೇಕ್ರಿ. ಆದ್ರ ನಕಾಶಿ ನೋಡಿ ಶಿಕ್ಕಾ ಹೊಡದ್ರ ಸಾಲೂದಿಲ್ಲ. ಯಾರರೆ ಒಬ್ಬರು ಮಾಳಗಿ ಹತ್ತಿ ಬಿಸಿಲ ನೋಡಬೇಕು. ಮತ್ತ ನಮ್ಮ ಮನಿಯಂಥಾವು ಇರತಾವು, ಮ್ಯಾಲ ಹಳೇ ಮಾವಿನ ಗಿಡ ಐತಿ. ಫಲಕದ ಸಲುವಾಗಿ ಗಿಡಾ ಕಡೀರಿ ಅಂದ್ರ ನಮ್ಮ ಅತ್ತಿಯವರು ನನ್ನ ಮದಲ ಹೊರಗ ಹಾಕತಾರ. ಅಂಥವರಿಗೆ ಬಿಡಬೇಕು.”

ಚಾಚಾ ಕೂತಲ್ಲಿಂದಲೇ ಕೈಯೆತ್ತಿದರು. “ಲೈನ್ಯಾಗ ವೋಲ್ಟೇಜ್ ಕಮ್ಮಿ ಬಂದು ಮೋಟಾರ್ ಸುಟ್ರನ ನನ್ನ ಹೊಟ್ಟಿ ತುಂಬೂದು. ಮನೀಮನಿಗೆ ಫಲಕಾ ಬಂದ್ರ ಲೈನ್ ಸುಧಾರಸತೈತಿ, ಮೋಟಾರ್ ಸುಡೂದು ಕಮ್ಮಿ ಆಗತೈತಿ, ನನಗ ಲುಕ್ಸಾನ. ಆದ್ರೂ ಆಗಲಿ ಅಂತೇನಿ.”

ಕೊನೆಗೆ ಹೆಂಗಸರ ಸಾಲಿನಿಂದ ಚಾಚಿ ಎದ್ದರು. ಮೈಕು ಬೇಡವೆಂದರು. “ಕಡ್ಡಾಯ ಮಾಡ್ರಿ. ಜೋಡಿಗೆ ಇನ್ನೊಂದ ಕಡ್ಡಾಯ ಮಾಡ್ರಿ. ಎಲ್ಲಿ ಇಡಬೇಕಂತ ಮದಲ ಮನಿ ಹೆಣ್ಣಮಕ್ಕಳನ್ನ ಕೇಳಬೇಕು.” ಆಗ ಬಿದ್ದ ಚಪ್ಪಾಳೆ ಸಾವಕಾರರಿಗೆ ಬಿದ್ದದ್ದಕ್ಕಿಂತ ಎರಡು ಪಟ್ಟು. ಸಭೆಯ ಅಭಿಪ್ರಾಯವೆಂದು ಎಲ್ಲವನ್ನೂ ಬರೆದು ಸಹಿ ಮಾಡಿ ಕಳಿಸಿದೆವು. ಚಾಚಿಯ ಮಾತನ್ನೂ ಒಂದು ಸಾಲಾಗಿ ಸೇರಿಸಿದ್ದೆವು. ಅದು ಯಾವ ಮೇಜಿನ ಮೇಲಿದೆಯೋ, ಇನ್ನೂ ಉತ್ತರ ಬಂದಿಲ್ಲ.

ನಾನು ಮಾತ್ರ ಕಾಯಲಿಲ್ಲ. ಕಂಪ್ಯೂಟರಿನಲ್ಲಿದ್ದ ಆ ಚೌಕವನ್ನು ಅಳಿಸಿಹಾಕಿದೆ. ಈಗ ಪ್ರತಿ ಪ್ಲಾಟಿಗೂ ಹೋಗುತ್ತೇನೆ, ಮನೆಯ ಹೆಂಗಸರನ್ನು ಕೇಳುತ್ತೇನೆ, ಆಮೇಲೆ ಬರೆಯುತ್ತೇನೆ. ಇದರಿಂದ ತಿಂಗಳಿಗೆ ಬರೆಯುವ ನಕಾಶೆ ಕಡಿಮೆಯಾಗಿವೆ. ‘ಆ ಬಾಯಾರು ಭಾಳ ಪ್ರಶ್ನಿ ಕೇಳತಾರ’ ಎಂದು ಕೆಲವರು ಬೇರೆ ಕಡೆ ಹೋದರು. “ಛಲೋ ಆತು ಬಿಡು, ಊಟದ ಹೊತ್ತಿಗರೆ ಮನ್ಯಾಗ ಸಿಗತಿ,” ಎನ್ನುತ್ತಾರೆ ಅತ್ತೆ.

ಕಳೆದ ತಿಂಗಳು ನಕಾಶೆ ಬರೆಸಲು ಬಂದವರು ಯಾರು ಅಂತೀರಿ? ಸಭೆಯಲ್ಲಿ ಹೆಲ್ಮೆಟ್ಟಿನ ಮಾತಾಡಿದ ಅದೇ ಸಾವಕಾರರು. “ಕಡ್ಡಾಯ ಮಾಡಿದ್ರ ಮಾಡ್ಲಿ, ಬಿಟ್ರ ಬಿಡ್ಲಿ. ಜಾಗಾ ಅಂತೂ ಬಿಟ್ಟ ಬರೀರಿ,” ಎಂದರು. ನಾನು ನನ್ನ ಪದ್ಧತಿಯಂತೆ, ಮನೆಯ ಹಿರಿಯ ಹೆಣ್ಣುಮಗಳನ್ನು ಪ್ಲಾಟಿಗೆ ಕರೆತರಬೇಕು ಎಂದು ಶರತ್ತು ಹಾಕಿದೆ. ತಾಯಿಯನ್ನು ಕಾರಿನಲ್ಲಿ ಕರೆತಂದರು. ಎಂಬತ್ತರ ಅಂಚಿನ ಅಜ್ಜಿ, ಇಳಕಲ್ ಸೀರೆ, ಕೈಯಲ್ಲಿ ಕೋಲು. ಸುತ್ತಲೂ ಬರೀ ಖಾಲಿ ಪ್ಲಾಟುಗಳು, ಗಡಿಗೆ ನೆಟ್ಟ ಕಲ್ಲು, ಒಣಹುಲ್ಲು.

ನಾನು ಬಹಳ ಗೌರವದಿಂದ ಕೇಳಿದೆ: “ಆಯಿ, ಇಲ್ಲೆ ದಿನಾ ಪೂರ್ತಿ ಬಿಸಿಲ ಎಲ್ಲಿ ಬೀಳತೈತ್ರಿ?”

ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನಾಲ್ಕೂ ಕಡೆ ನೋಡಿದರು. “ಗ್ವಾಡಿ ಇಲ್ಲ, ಗಿಡಾ ಇಲ್ಲ. ಎಲ್ಲಾ ಕಡೆ ಬಿಸಿಲ ಐತಿ. ಇದೇನ ಕೇಳತಿ, ಹುಚ್ಚ ಖೋಡಿ?”

ಸಾವಕಾರರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಅಜ್ಜಿ ಕೋಲಿನಿಂದ ದಕ್ಷಿಣದ ಪ್ಲಾಟು ತೋರಿಸಿದರು. “ಅವರು ಎಷ್ಟ ಮಜಲಾ ಕಟ್ಟತಾರಂತ ಮದಲ ತಿಳಕೊಂಡ ಬಾ. ಆಮ್ಯಾಲ ನಾ ಹೇಳತೇನಿ.”

ಹೌದಲ್ಲ! ಪಕ್ಕದವರು ನಾಲ್ಕು ಅಂತಸ್ತು ಎಬ್ಬಿಸಿದರೆ ಇವರ ಫಲಕದ ಗತಿ ಏನು? ಸಭೆಯಿಂದ ಬರೆದು ಕಳಿಸಿದ್ದರಲ್ಲಿ ಆ ಸಾಲೇ ಇರಲಿಲ್ಲ. ಸಾವಕಾರರ ಫೋನಿನಲ್ಲಿ ಆ ಪ್ಲಾಟಿನವರ ನಂಬರು ಇತ್ತು. ಅಲ್ಲೇ ಕಾರಿನ ನೆರಳಿಗೆ ನಿಂತು ನಾನೇ ಮಾತಾಡಿದೆ.

“ಪ್ಲಾಟ್ ಮಾರೂದಿಲ್ರಿ,” ಎಂದರು ಆ ಕಡೆಯವರು, ನನ್ನ ಬಾಯಿಂದ ಪ್ಲಾಟು ಎಂಬ ಮಾತು ಬಂದ ಕೂಡಲೇ.

“ಮಾರೂದು ಬ್ಯಾಡ್ರಿ,” ಎಂದೆ. “ಬಿಸಿಲಿನ ವಿಚಾರ ಸ್ವಲ್ಪ ಮಾತಾಡೂದಿತ್ತು.”